ಕೊಪಣದ ತಿರುಳ್ಗನ್ನಡ ಮತ್ತು ಕಾವ್ಯದ ಕಟ್ಟಳೆ

ಕೊಪ್ಪಳ: ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಈ ಲಕ್ಷಣಗ್ರಂಥವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ.

ಗ್ರಂಥವು ಕವಿಗಳಿಗೆ ವಿಧಿಸಿದ ಕಟ್ಟಳೆಗಳು ಖಚಿತವಾಗಿವೆ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದು ಸಮಾಸ ಮಾಡುವುದು ಸಾಮಾನ್ಯವಾಗಿ ದೋಷ. ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂಬುದು ಶ್ರೀವಿಜಯನ ಹೋಲಿಕೆ. ಪದ್ಯಕ್ಕೆ ಪ್ರಾಸವೂ ಬೇಕು. ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು; ‘ನಾಡು’, ‘ಕೂಡಿ’, ‘ಬೀಡು’ ಎಂಬಂತೆ. ಚೀನಾದ ತಾಂಗ್ ಕಾಲದ ನಿಯಮಬದ್ಧ ಪದ್ಯಗಳಲ್ಲಿ ಪ್ರಾಸವು ಸಾಲಿನ ಕೊನೆಗೆ ಬಂದರೆ, ಹಳಗನ್ನಡದಲ್ಲಿ ಅದು ಆರಂಭದಲ್ಲೇ ಕಿವಿಗೆ ಬೀಳುತ್ತದೆ.

12ನೆಯ ಶತಮಾನದ ವಚನಕಾರರು ಈ ಕಟ್ಟಿಗೆ ಒಳಪಡಲಿಲ್ಲ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಯವರು ಪದ್ಯದಲ್ಲಿಯೇ ಪ್ರಾಸವನ್ನು ಕೈಬಿಟ್ಟರು. ಹೀಗೆ ಕಟ್ಟಳೆಗಳು ಸಡಿಲಗೊಂಡರೂ ನುಡಿಯ ನೆಲೆ ಅಳಿಯಲಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಆಡುಮಾತನ್ನು ಒರಟೆಂದು ಹಗುರವಾಗಿ ಕಾಣುವವರು ಒಂದನ್ನು ನೆನೆಯಬೇಕು: ಉತ್ತಮ ಕನ್ನಡ ಎಲ್ಲಿದೆ ಎಂದು ಹೇಳಹೊರಟ ಮೊದಲ ಲಾಕ್ಷಣಿಕನು ಬೆರಳು ತೋರಿದ್ದು ಇದೇ ಸೀಮೆಯತ್ತ.