ಗಡಿ ದಾಟಿದ ದನಿ: ಬಿ. ಸರೋಜಾದೇವಿ



ತಾಳವಾಡಿಯ ಹುಡುಗ ಸತ್ಯಮಂಗಲದ ಬಸ್ಸಿನಲ್ಲಿ ತಮಿಳಿನಲ್ಲಿ ಟಿಕೇಟು ಕೇಳಿದರೆ ಕಂಡಕ್ಟರು ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಅಕ್ಕಲಕೋಟೆಯ ಹೆಣ್ಣುಮಗಳು ಸೊಲ್ಲಾಪುರದ ಅಂಗಡಿಯಲ್ಲಿ ಮರಾಠಿ ಮಾತಾಡಿದರೆ "ನೀವು ಕಾನಡಿಯೇನು?" ಎಂಬ ಪ್ರಶ್ನೆ ಬರುತ್ತದೆ. ಇದೇ ಮಕ್ಕಳು ಬೆಂಗಳೂರಿಗೆ ಹೋದರೆ ಅವರ ಕನ್ನಡ ಕೇಳಿ ಅಲ್ಲಿಯವರೂ ಮುಸಿಮುಸಿ ನಗುತ್ತಾರೆ. ಈ ನಗು ನಿಮಗಾರಿಗೂ ಹೊಸದಲ್ಲ. ಹಾಗಾದರೆ ನಮ್ಮ ಮಾತಿನ ಧಾಟಿ ಮುಚ್ಚಿಡಬೇಕಾದ ದೋಷವೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ಒಬ್ಬ ನಟಿಯ ಬಾಳನ್ನು ನೋಡೋಣ. ಅವರೇ ಬಿ. ಸರೋಜಾದೇವಿ.

ಸರೋಜಾದೇವಿಯವರು ಹುಟ್ಟಿದ್ದು 1938ರ ಜನವರಿ 7ರಂದು, ಬೆಂಗಳೂರಿನಲ್ಲಿ. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ. ಮನೆಮಾತು ಕನ್ನಡ. ಹೊನ್ನಪ್ಪ ಭಾಗವತರ 'ಮಹಾಕವಿ ಕಾಳಿದಾಸ' 1955ರಲ್ಲಿ ತೆರೆಕಂಡಾಗ ಈ ಹುಡುಗಿಗೆ ಹದಿನೇಳು ವರ್ಷ. ಆ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು.

ಅಂದಿನ ಕನ್ನಡ ಚಿತ್ರರಂಗದ ಸ್ಥಿತಿಯನ್ನು ನೀವು ಬಲ್ಲಿರಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು, ಅವುಗಳಲ್ಲಿ ಹೆಚ್ಚಿನವು ತಯಾರಾಗುತ್ತಿದ್ದುದೂ ಮದರಾಸಿನ ಸ್ಟುಡಿಯೋಗಳಲ್ಲೇ. ಹೀಗಾಗಿ ಕನ್ನಡದ ಕಲಾವಿದರು ಹೊಟ್ಟೆಪಾಡಿಗಾಗಿ ಮದರಾಸಿನ ದಾರಿ ಹಿಡಿಯಲೇಬೇಕಾಗಿತ್ತು. ಅಲ್ಲಿ ಒಂದೇ ಸ್ಟುಡಿಯೋದ ಆವರಣದಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಭಾಷೆಯ ಕೆಲಸ ನಡೆಯುತ್ತಿತ್ತು. ಸರೋಜಾದೇವಿಯವರು 1957ರಲ್ಲಿ ತೆಲುಗಿನ 'ಪಾಂಡುರಂಗ ಮಹಾತ್ಮ್ಯಂ' ಚಿತ್ರದಲ್ಲಿ ಎನ್.ಟಿ. ರಾಮರಾವ್ ಅವರೊಡನೆ ನಟಿಸಿದರು. ಅದು ಪಂಢರಪುರದ ಪುಂಡಲೀಕನ ಕಥೆ. ಸೊಲ್ಲಾಪುರದ ಕೇಳುಗರಿಗೆ ಅದನ್ನು ನಾವು ಹೇಳಿಕೊಡಬೇಕಿಲ್ಲ! 1958ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ತಾವೇ ನಿರ್ದೇಶಿಸಿದ ಮೊದಲ ಚಿತ್ರ 'ನಾಡೋಡಿ ಮನ್ನನ್' ಬಂತು. ಕಪ್ಪು ಬಿಳುಪಿನಲ್ಲಿ ಶುರುವಾಗುವ ಆ ಚಿತ್ರ ಉತ್ತರಾರ್ಧದಲ್ಲಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಭಾಗದ ನಾಯಕಿ ನಮ್ಮ ಸರೋಜಾದೇವಿ. ಮರುವರ್ಷ ಶ್ರೀಧರ್ ಅವರ 'ಕಲ್ಯಾಣ ಪರಿಸು' ಬಂದ ಮೇಲೆ ತಮಿಳುನಾಡಿನಲ್ಲಿ ಅವರನ್ನು ಅರಿಯದವರಿಲ್ಲ ಎಂಬಂತಾಯಿತು. ಅದೇ 1959ರಲ್ಲಿ ಎಸ್.ಎಸ್. ವಾಸನ್ ಅವರ 'ಪೈಗಾಮ್' ಮೂಲಕ ಹಿಂದಿಗೂ ಕಾಲಿಟ್ಟರು. ಹೀಗೆ ನಾಲ್ಕೈದು ವರ್ಷಗಳಲ್ಲಿ ನಾಲ್ಕು ಭಾಷೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಕನ್ನಡಿಗರು ತಮಿಳು ನುಡಿದಾಗ ಧಾಟಿ ಏಕೆ ಬೇರೆಯಾಗುತ್ತದೆ? 'ತಮಿಳು' ಎಂಬ ಹೆಸರಿನಲ್ಲೇ ಇರುವ ಆ ವಿಶಿಷ್ಟ ಅಕ್ಷರವನ್ನು ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಅದು ನಮಗೂ ಇತ್ತು, 'ೞ' ಎಂದು ಬರೆಯುತ್ತಿದ್ದೆವು. ಅದು ನಮ್ಮ ನಾಲಿಗೆಯಿಂದ ಜಾರಿ ಹಲವು ಶತಮಾನಗಳಾದವು. ಈಗ ಅದರ ಜಾಗದಲ್ಲಿ ನಮ್ಮ ಬಾಯಿಗೆ ಬರುವುದು 'ಳ'. ಕ, ಗ ಎರಡಕ್ಕೂ ತಮಿಳು ಲಿಪಿಯಲ್ಲಿ ಒಂದೇ ಅಕ್ಷರ. ನಮಗೆ ಬೇರೆ ಬೇರೆ. ತಾಯಿಯ ಮಡಿಲಲ್ಲಿ ಕಲಿತ ಮಾತಿನ ಏರಿಳಿತ ಆಮೇಲೆ ಕಲಿತ ಮಾತಿನಲ್ಲೂ ಇಣುಕುತ್ತದೆ. ಇದು ಕಲಿಕೆಯ ಕೊರತೆಯಲ್ಲ, ನಾಲಿಗೆಯ ಅಭ್ಯಾಸ.

ಸರೋಜಾದೇವಿಯವರ ತಮಿಳಿನಲ್ಲೂ ಈ ಕನ್ನಡದ ಸೊಗಡು ಉಳಿದೇ ಇತ್ತು. 1964ರ 'ಪುದಿಯ ಪರವೈ' ಚಿತ್ರದಲ್ಲಿ ನಾಯಕ ಶಿವಾಜಿ ಗಣೇಶನ್ ಅವರ ಪಾತ್ರದ ಹೆಸರು ಗೋಪಾಲ್. ಆ ಹೆಸರನ್ನು ಅವರು ಮಗುವಿನಂತೆ ಎಳೆದು ಕರೆದ ಬಗೆಯನ್ನು ತಮಿಳುನಾಡಿನ ಮಿಮಿಕ್ರಿ ಕಲಾವಿದರು ದಶಕಗಳ ಕಾಲ ಅನುಕರಿಸಿ ಚಪ್ಪಾಳೆ ಗಿಟ್ಟಿಸಿದ್ದಾರೆ. ಅದರಲ್ಲಿ ತಮಾಷೆಯೂ ಇತ್ತು, ಪ್ರೀತಿಯೂ ಇತ್ತು. ಕೊನೆಗೆ ಉಳಿದದ್ದು ಪ್ರೀತಿ. ತಮಿಳರು ಅವರನ್ನು 'ಕನ್ನಡತ್ತು ಪೈಂಗಿಳಿ' ಎಂದು ಕರೆದರು. ಅಂದರೆ ಕನ್ನಡದ ಹಸಿರು ಗಿಳಿ. ಗಮನಿಸಿ: ತಮ್ಮವಳು ಎಂದು ಅಪ್ಪಿಕೊಂಡಾಗಲೂ ಅವರು 'ಕನ್ನಡ' ಎಂಬ ಮಾತನ್ನು ಆ ಬಿರುದಿನಿಂದ ಕಿತ್ತುಹಾಕಲಿಲ್ಲ.

ತಮಿಳಿನಲ್ಲಿ ಎಂ.ಜಿ.ಆರ್. ಅವರೊಡನೆಯೇ 26 ಚಿತ್ರಗಳು. ಅಷ್ಟೊಂದು ಕೆಲಸವಿದ್ದರೂ ಅವರು ಕನ್ನಡವನ್ನು ಬಿಡಲಿಲ್ಲ. ತಮಿಳಿನಲ್ಲಿ ಹೆಚ್ಚಾಗಿ ಕುಣಿದು ನಲಿಯುವ ನಾಯಕಿಯಾಗಿದ್ದವರಿಗೆ ಕನ್ನಡ ಕೊಟ್ಟದ್ದು ಗಟ್ಟಿ ಹೆಣ್ಣುಗಳ ಪಾತ್ರ. 1961ರ 'ಕಿತ್ತೂರು ಚೆನ್ನಮ್ಮ'ದಲ್ಲಿ ಅವರು ರಾಣಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. ರಾಜ್‌ಕುಮಾರ್ ಅವರು ತಾಳವಾಡಿ ಸೀಮೆಯ ಗಾಜನೂರಿನವರು. ಆ ಚಿತ್ರ ನಿರ್ದೇಶಿಸಿದ ಬಿ.ಆರ್. ಪಂತುಲು ಅವರು ಕನ್ನಡ ತಮಿಳು ಎರಡರಲ್ಲೂ ಚಿತ್ರ ತೆಗೆದವರು. ಕನ್ನಡಿಗರ ಹೆಮ್ಮೆಯ ಚೆನ್ನಮ್ಮನನ್ನು ತೆರೆಗೆ ತಂದದ್ದರಲ್ಲಿ ಗಡಿನಾಡಿನವರ ಪಾಲೂ ಇದೆ ಎಂದ ಹಾಗಾಯಿತು. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ಮಲ್ಲಮ್ಮನ ಪವಾಡ'ದಲ್ಲಿ, ಮಲತಾಯಿಯ ಮೋಸದಿಂದ ಮುಗ್ಧ ಗಂಡನನ್ನು ಪಾರುಮಾಡುವ ಸೊಸೆಯಾಗಿ ಅವರ ಅಭಿನಯವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರನ್ನು ಮದುವೆಯಾದರು. ಮದುವೆಯೊಡನೆ ನಾಯಕಿಯ ಕಥೆ ಮುಗಿಯಿತು ಎನ್ನುತ್ತಿದ್ದ ಕಾಲ ಅದು. ಅವರು ನಟನೆಯನ್ನು ಮುಂದುವರಿಸಿದರು. 1986ರಲ್ಲಿ ಪತಿಯನ್ನು ಕಳೆದುಕೊಂಡರೂ ಮತ್ತೆ ತೆರೆಗೆ ಮರಳಿದರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2025ರ ಜುಲೈ 14ರಂದು, 87ರ ವಯಸ್ಸಿನಲ್ಲಿ, ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಲಾಯಿತು. ಚನ್ನಪಟ್ಟಣ ತಾಲೂಕಿನ ದಶವಾರ ಗ್ರಾಮದಲ್ಲಿ ಸರಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು.

ಸರೋಜಾದೇವಿಯವರಿಗೆ ರೂಪವಿತ್ತು, ಅದೃಷ್ಟವಿತ್ತು, ದೊಡ್ಡವರ ಆಸರೆಯಿತ್ತು. ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಅದೆಲ್ಲಿದೆ ಎಂದು ನೀವು ಕೇಳಬಹುದು. ಮಾತು ನಿಜ. ಧಾಟಿಯೊಂದರಿಂದಲೇ ಅವರು ಗೆಲ್ಲಲಿಲ್ಲ. ನೆರೆಯ ಭಾಷೆಯಲ್ಲಿ ಪುಟಗಟ್ಟಲೆ ಸಂಭಾಷಣೆಯನ್ನು ಭಾವ ಕೆಡದಂತೆ ನುಡಿಯುವ ಶ್ರಮ ಅದರ ಹಿಂದಿತ್ತು. ಆದ್ದರಿಂದ ಎರಡನೆಯ ಭಾಷೆಯನ್ನು ಶ್ರದ್ಧೆಯಿಂದ ಕಲಿಯಲು ಮಕ್ಕಳಿಗೆ ಹೇಳಿ. ಆದರೆ ಕಲಿತ ಮೇಲೂ ಅದರಲ್ಲಿ ಮನೆಯ ಕನ್ನಡದ ದನಿ ಕೇಳಿಸಿದರೆ ತಲೆತಗ್ಗಿಸಬೇಡಿ ಎಂದೂ ಹೇಳಿ. ಮಗು ನಾಳೆ ಬಸ್ಸಿನಲ್ಲಿ ಯಾರೋ ನಕ್ಕರೆಂದು ಮುಖ ಸಪ್ಪಗೆ ಮಾಡಿಕೊಂಡು ಬಂದರೆ, ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದ ಗಿಳಿಯ ಈ ಕಥೆಯನ್ನು ಹೇಳಿ.