ಕಾರು ವಿಮೆಯ ಆಯ್ಕೆ ಮತ್ತು ಚಾಲನಾ ನಿಗಾ ಆಧಾರಿತ ರಿಯಾಯಿತಿ: ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 146ನೇ ಪ್ರಕರಣದ ಅನ್ವಯ, ಮೂರನೇ ವ್ಯಕ್ತಿಯ ವಿಮೆಯಿಲ್ಲದೆ ಯಾವುದೇ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ, ಮೊದಲ ಬಾರಿಯ ಉಲ್ಲಂಘನೆಗೆ ರೂ. 2,000 ದಂಡ ಅಥವಾ ಮೂರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಇಷ್ಟು ಕಡ್ಡಾಯ. ಇದಕ್ಕೆ ಮೇಲ್ಪಟ್ಟದ್ದು ಮಾಲೀಕರ ಆಯ್ಕೆಗೆ ಬಿಟ್ಟದ್ದು.

ರಿಯಾಯಿತಿ ಯಾವುದರ ಮೇಲೆ?

ಸಮಗ್ರ ವಿಮಾ ಪಾಲಿಸಿಯ ಕಂತಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಮೂರನೇ ವ್ಯಕ್ತಿಯ ವಿಮೆಯ ದರವನ್ನು ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಲ್ಲಿ 1000 ಸಿ.ಸಿ. ಮೀರಿದ, 1500 ಸಿ.ಸಿ. ಮೀರದ ಖಾಸಗಿ ಕಾರಿಗೆ ವಾರ್ಷಿಕ ರೂ. 3,416 ಎಂದು ಗೊತ್ತುಪಡಿಸಲಾಯಿತು. ವಾಹನದ ಸ್ವಂತ ಹಾನಿಯ ದರವನ್ನಾದರೋ 2007ರ ಜನವರಿ 1ರಿಂದ ಆಯಾ ಕಂಪನಿಗಳೇ ನಿರ್ಧರಿಸುತ್ತಿವೆ. ಜಾಹೀರಾತುಗಳಲ್ಲಿ ಕಾಣುವ ರಿಯಾಯಿತಿಗಳು ಅನ್ವಯವಾಗುವುದು ಈ ಎರಡನೆಯ ಭಾಗಕ್ಕೆ ಮಾತ್ರ.

ವಾಹನ ಓಡಿದ ದೂರ ಅಥವಾ ಚಾಲನೆಯ ರೀತಿಯನ್ನು ಆಧರಿಸಿ ಸ್ವಂತ ಹಾನಿಯ ಕಂತನ್ನು ಲೆಕ್ಕಹಾಕುವ ಐಚ್ಛಿಕ ಸೌಲಭ್ಯಗಳಿಗೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ ಅವಕಾಶ ಕಲ್ಪಿಸಿತು. ಇವುಗಳ ನಿಜವಾದ ಪ್ರಯೋಜನವನ್ನು ತಿಳಿಯಲು ಒಂದು ಲೆಕ್ಕವನ್ನು ನೋಡಬಹುದು.

ಉದಾಹರಣೆಗೆ, 1200 ಸಿ.ಸಿ. ಕಾರೊಂದರ ಸ್ವಂತ ಹಾನಿಯ ಕಂತು ರೂ. 9,000 ಎಂದಿಟ್ಟುಕೊಳ್ಳೋಣ. ಐದು ವರ್ಷ ಸತತವಾಗಿ ಕ್ಲೇಮು ಮಾಡದ ಮಾಲೀಕರಿಗೆ ಶೇಕಡ 50ರಷ್ಟು ನೋ ಕ್ಲೇಮ್ ಬೋನಸ್ ದೊರೆತು ಅದು ರೂ. 4,500ಕ್ಕೆ ಇಳಿಯುತ್ತದೆ. ಚಾಲನಾ ನಿಗಾಕ್ಕೆ ಒಪ್ಪಿದ್ದಕ್ಕಾಗಿ ಇದರ ಮೇಲೆ ಶೇಕಡ 10 ರಿಯಾಯಿತಿ ದೊರೆತರೂ ಉಳಿಯುವುದು ರೂ. 450. ಮೂರನೇ ವ್ಯಕ್ತಿಯ ಕಂತನ್ನೂ ಸೇರಿಸಿ ನೋಡಿದಲ್ಲಿ ಇದು ನೂರಕ್ಕೆ ಆರು ರೂಪಾಯಿಗೂ ಕಡಿಮೆ.

ಅದೇ ಮಾಲೀಕರು ರೂ. 4,000 ಬೆಲೆಯ ಪ್ಲಾಸ್ಟಿಕ್ ಬಂಪರಿಗಾಗಿ ಕ್ಲೇಮು ಸಲ್ಲಿಸಿದರೆ, ಸಾಮಾನ್ಯ ಪಾಲಿಸಿಯಲ್ಲಿ ಸವಕಳಿಯೆಂದು ಅರ್ಧ ಬೆಲೆ ಕಳೆಯುತ್ತದೆ. ಕಡ್ಡಾಯ ಕಡಿತ ರೂ. 1,000 ಹೋಗುತ್ತದೆ. ಕೈಗೆ ಬರುವುದು ರೂ. 1,000. ಆದರೆ ಬೋನಸ್ ರದ್ದಾಗಿ, ಉಳಿದ ಅಂಶಗಳು ಹಾಗೆಯೇ ಇದ್ದಲ್ಲಿ, ಮರುವರ್ಷದ ಕಂತು ರೂ. 4,500 ಹೆಚ್ಚುತ್ತದೆ. ಹತ್ತು ವರ್ಷಗಳ ನಿಗಾ ರಿಯಾಯಿತಿ ಒಂದೇ ಕ್ಲೇಮಿನಲ್ಲಿ ಕರಗಿದಂತೆ! ಪಾಲಿಸಿಯ ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೂ ಬೋನಸ್ ನಷ್ಟವಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ದೂರ ಆಧಾರಿತ ಯೋಜನೆ

ನಿವೃತ್ತರು, ಎರಡನೇ ಕಾರು ಉಳ್ಳವರು, ಕಚೇರಿಗೆ ಬಸ್ಸು ಅಥವಾ ಮೆಟ್ರೊದಲ್ಲಿ ಹೋಗುವವರು ಇದನ್ನು ಪರಿಶೀಲಿಸಬಹುದು. ಆದರೆ ಅಂದಾಜಿನ ಮೇಲೆ ಕಿಲೋಮೀಟರುಗಳನ್ನು ನಮೂದಿಸಬಾರದು. ಹಿಂದಿನ ಎರಡು ವರ್ಷಗಳ ಸರ್ವೀಸ್ ಬಿಲ್ಲುಗಳಲ್ಲಿ ಓಡಿದ ದೂರ ದಾಖಲಾಗಿರುತ್ತದೆ, ಅದನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು. ಬೆಂಗಳೂರಿನಿಂದ ಮಂಗಳೂರಿಗೆ ಒಮ್ಮೆ ಹೋಗಿಬಂದರೆ ಸುಮಾರು 700 ಕಿ.ಮೀ. ಆಗುವುದರಿಂದ ಹಬ್ಬ, ಮದುವೆಗಳ ಪ್ರಯಾಣವನ್ನೂ ಸೇರಿಸುವುದು ಅಗತ್ಯ. ಮಿತಿ ಮೀರಿದ ನಂತರ ಸ್ವಂತ ಹಾನಿಯ ಪರಿಹಾರವು ಕಡಿತಗೊಳ್ಳುವುದೇ, ಹೆಚ್ಚುವರಿ ಕಿಲೋಮೀಟರುಗಳನ್ನು ಖರೀದಿಸಬಹುದೇ ಎಂಬುದನ್ನು ಪಾಲಿಸಿಯ ಷರತ್ತುಗಳಲ್ಲಿ ಓದಿಕೊಳ್ಳಬೇಕು.

ಚಾಲನಾ ರೀತಿ ಆಧಾರಿತ ಯೋಜನೆ

ಇದರಲ್ಲಿ ಮೊಬೈಲ್ ಆ್ಯಪ್ ಅಥವಾ ಕಾರಿಗೆ ಅಳವಡಿಸಿದ ಉಪಕರಣವು ವೇಗ, ಹಠಾತ್ ಬ್ರೇಕ್, ತಿರುವು, ಸಂಚರಿಸಿದ ವೇಳೆ ಮುಂತಾದವನ್ನು ದಾಖಲಿಸಿ ಅಂಕ ನೀಡುತ್ತದೆ. ಅಡ್ಡ ಬಂದ ದ್ವಿಚಕ್ರ ವಾಹನವನ್ನು ಉಳಿಸಲು ಹಾಕಿದ ಬ್ರೇಕಿಗೂ ಅಜಾಗರೂಕತೆಯ ಬ್ರೇಕಿಗೂ ಇರುವ ವ್ಯತ್ಯಾಸ ಉಪಕರಣಕ್ಕೆ ತಿಳಿಯುವುದು ಕಷ್ಟ. ಮನೆಯ ಒಂದೇ ಕಾರನ್ನು ಹಲವರು ಓಡಿಸುವಲ್ಲಿ ಅಂಕ ಯಾರದೆಂಬ ಪ್ರಶ್ನೆಯೂ ಉಂಟು. ಅಂಕ ಕಡಿಮೆಯಾದಲ್ಲಿ ರಿಯಾಯಿತಿ ಮಾತ್ರ ತಪ್ಪುವುದೇ ಅಥವಾ ಕಂತೇ ಏರುವುದೇ, ಸಂಚಾರದ ದತ್ತಾಂಶವನ್ನು ಎಷ್ಟು ಕಾಲ ಇಟ್ಟುಕೊಳ್ಳಲಾಗುವುದು, ಅಪಘಾತವಾದಾಗ ಕ್ಲೇಮಿನ ತೀರ್ಮಾನಕ್ಕೆ ಅದನ್ನು ಬಳಸಲಾಗುವುದೇ ಎಂಬ ಪ್ರಶ್ನೆಗಳಿಗೆ ಸಮ್ಮತಿ ನೀಡುವ ಮುನ್ನವೇ ಲಿಖಿತ ಉತ್ತರ ಪಡೆಯತಕ್ಕದ್ದು. ಉತ್ತರ ದೊರೆಯದಿದ್ದಲ್ಲಿ ಕೆಲವು ನೂರು ರೂಪಾಯಿಗಳಿಗಾಗಿ ಒಪ್ಪುವುದು ಸೂಕ್ತವಲ್ಲ.

ಕಡಿಮೆ ಕಂತಿನ ಬೆಲೆ

ವಾಹನದ ಘೋಷಿತ ಮೌಲ್ಯವನ್ನು ತಗ್ಗಿಸಿಯೂ ಕಂತನ್ನು ಇಳಿಸಲು ಸಾಧ್ಯ. ಆದರೆ ಕಾರು ಕಳುವಾದಲ್ಲಿ ದೊರೆಯುವ ಪರಿಹಾರವೂ ಆ ತಗ್ಗಿಸಿದ ಮೌಲ್ಯವನ್ನೇ ಅವಲಂಬಿಸುತ್ತದೆ. ತಗ್ಗು ಪ್ರದೇಶದ ನಿವಾಸಿಗಳು ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವನ್ನು ಪರಿಗಣಿಸುವುದು ಒಳಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದವು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದ್ದರಿಂದಾಗುವ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ದೊರೆಯುವುದು ವಿರಳ.

ದೂರುಗಳಿದ್ದಲ್ಲಿ ಮೊದಲು ಕಂಪನಿಗೆ ಲಿಖಿತವಾಗಿ ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಲ್ಲದಿದ್ದಲ್ಲಿ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿರುವುದಿಲ್ಲ.