ಶಂಕೆಗೂ ಶಿಕ್ಷೆಗೂ ನಡುವೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಕಣ್ಣಾರೆ ಕಂಡದ್ದಕ್ಕೇ ಈ ಎಚ್ಚರಿಕೆ ಬೇಕಾದರೆ, ಪತ್ರಿಕೆಯಲ್ಲಿ ಓದಿದ, ದೂರದರ್ಶನದಲ್ಲಿ ಕೇಳಿದ ಮಾತಿಗೆ ಇನ್ನೆಷ್ಟು ಬೇಕು? ಅಪರಾಧವು ರುಜುವಾತಾಗುವ ಮುನ್ನವೇ ಶಂಕಿತನ ಹೆಸರೂ ಭಾವಚಿತ್ರವೂ ಮನೆಮನೆಗೆ ತಲುಪುವ ಈ ಕಾಲದಲ್ಲಿ, ಪರದೇಶದಲ್ಲಿ ನೆಲೆಸಿರುವ ನಮಗೆ ಇದು ಕೇವಲ ತಾತ್ವಿಕ ಪ್ರಶ್ನೆಯಲ್ಲ.

ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣವನ್ನೇ ನೋಡೋಣ. ಬೆಂಗಳೂರಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ, ಆಸ್ಟ್ರೇಲಿಯಾದಲ್ಲಿ ವೈದ್ಯರಾಗಿದ್ದ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಆಗಷ್ಟೇ ಜನಿಸಿದ್ದ ಮಗಳನ್ನು ನೋಡಲು ಅವರು ಊರಿಗೆ ಹೊರಟಿದ್ದರು. ದೂರದ ಸೋದರಸಂಬಂಧಿಯೊಬ್ಬನಿಗೆ ಹಿಂದೆ ಕೊಟ್ಟು ಬಂದಿದ್ದ ಸಿಮ್ ಕಾರ್ಡೇ ಶಂಕೆಗೆ ಆಧಾರ. ಅದು ಗ್ಲಾಸ್ಗೋ ದಾಳಿಯಲ್ಲಿ ಉರಿದ ಜೀಪಿನಲ್ಲಿ ದೊರೆಯಿತೆಂದು ನ್ಯಾಯಾಲಯದಲ್ಲೇ ಹೇಳಲಾಯಿತು. ವಾಸ್ತವವಾಗಿ ಸಿಕ್ಕಿದ್ದು ಲಿವರ್‌ಪೂಲಿನಲ್ಲಿ. ಅಷ್ಟರಲ್ಲಿ ಅವರ ಹೆಸರು ಜಗತ್ತನ್ನೆಲ್ಲ ಸುತ್ತಿಬಂದಿತ್ತು. ಜುಲೈ 27ರಂದು ಮೊಕದ್ದಮೆಯನ್ನು ಹಿಂತೆಗೆಯಲಾಯಿತು. ಆಸ್ಟ್ರೇಲಿಯಾ ಸರ್ಕಾರ ಕ್ಷಮೆ ಕೋರಿ ಪರಿಹಾರ ನೀಡಿದ್ದು 2010ರಲ್ಲಿ.

ಅಮೆರಿಕದ ಅಟ್ಲಾಂಟಾದಲ್ಲಿ 1996ರ ಒಲಿಂಪಿಕ್ಸ್ ವೇಳೆ ಬಾಂಬಿದ್ದ ಚೀಲವನ್ನು ಗುರುತಿಸಿ, ಜನರನ್ನು ದೂರ ಸರಿಸಲು ನೆರವಾದವರು ಕಾವಲುಗಾರ ರಿಚರ್ಡ್ ಜ್ಯೂವೆಲ್. ಮೂರೇ ದಿನಗಳಲ್ಲಿ ಪತ್ರಿಕೆಗಳು ಅವರನ್ನೇ ಶಂಕಿತನೆಂದು ಹೆಸರಿಸಿದವು. ತನಿಖೆಯಿಂದ ಮುಕ್ತರಾಗಲು 88 ದಿನಗಳು ಬೇಕಾದವು. ನಿಜವಾದ ಅಪರಾಧಿ ಎರಿಕ್ ರುಡಾಲ್ಫ್ ತಪ್ಪೊಪ್ಪಿಕೊಂಡದ್ದು 2005ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 44ರ ವಯಸ್ಸಿನಲ್ಲಿ, ಜ್ಯೂವೆಲ್ ತೀರಿಕೊಂಡರು. ಗೃಹಿಣಿಯಾದ ನನ್ನನ್ನು ಹೆಚ್ಚು ಕಾಡುವುದು ಅವರ ತಾಯಿಯ ಪಾಡು. ಶೋಧಕರು ಆಕೆಯ ಅಡುಗೆಮನೆಯ ಡಬ್ಬಿಗಳನ್ನೂ ಒಯ್ದಿದ್ದರು. ಮಗನನ್ನು ನಿರ್ದೋಷಿಯೆಂದು ಸಾರಿರೆಂದು ಆಕೆ ಅಧ್ಯಕ್ಷ ಕ್ಲಿಂಟನ್ ಅವರನ್ನು ಬಹಿರಂಗವಾಗಿ ಬೇಡಿಕೊಂಡರು. ಆರೋಪವೆಂಬುದು ಒಬ್ಬನ ಮೇಲೆ ಬಂದರೂ ಅದರ ಮಸಿ ಮನೆಯವರೆಲ್ಲರಿಗೂ ತಗಲುತ್ತದೆ.

ಹಾಗೆಂದು ಪತ್ರಿಕೆಗಳ ಬಾಯಿ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಗುಟ್ಟಾಗಿ ನಡೆಯುವ ಬಂಧನಗಳು ಇನ್ನೂ ಅಪಾಯಕಾರಿ. ಹೆಸರು ಹೊರಬಂದಾಗ ನೊಂದ ಇತರರು ಧೈರ್ಯ ತಾಳಿ ಮುಂದೆ ಬರುವುದೂ ಉಂಟು. ಹನೀಫ್ ಪ್ರಕರಣದ ಸಿಮ್ ಕಾರ್ಡಿನ ಸತ್ಯವನ್ನು ಬಯಲಿಗೆ ತಂದವರೂ ಪತ್ರಕರ್ತರೇ. ಆದರೆ ಎಲ್ಲಿಯವರೆಗೆ ಎಂಬ ಗೆರೆ ಇರಬೇಕು. ದೋಷಾರೋಪ ಹೊರಿಸುವ ಮುನ್ನ, ತನಿಖೆಗೊಳಗಾದ ವ್ಯಕ್ತಿ ಸಾಮಾನ್ಯವಾಗಿ ಖಾಸಗಿತನವನ್ನು ನಿರೀಕ್ಷಿಸಬಹುದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು.

ನ್ಯಾಯಾಲಯದ ಗೆರೆ ಪತ್ರಿಕೆಗಳಿಗಾದರೆ, ನಮ್ಮ ನಾಲಿಗೆಗೆ ಗೆರೆ ಎಳೆಯಬೇಕಾದವರು ನಾವೇ. ನಮ್ಮ ಕನ್ನಡ ಕೂಟಗಳಲ್ಲಿ ಎಲ್ಲರಿಗೂ ಎಲ್ಲರೂ ಪರಿಚಿತರು. ಒಂದು ಹೆಸರು ಹರಡಲು ಒಂದು ಸಂಜೆ ಸಾಕು. ಆದ್ದರಿಂದ ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮವರೊಬ್ಬರ ಮೇಲೆ ಆಪಾದನೆ ಬಂದಾಗ, ತೀರ್ಪಿನವರೆಗೆ ಅವರನ್ನು ‘ಆರೋಪಿ’ ಎನ್ನೋಣ, ‘ಅಪರಾಧಿ’ ಎನ್ನದಿರೋಣ. ಆ ಮನೆಯ ಮಕ್ಕಳನ್ನು ಎಂದಿನಂತೆ ಹಬ್ಬಕ್ಕೆ ಕರೆಯೋಣ. ಬಿಡುಗಡೆಯಾದರೆ, ಆರೋಪದ ಸುದ್ದಿಯನ್ನು ಎಷ್ಟು ಮಂದಿಗೆ ಮುಟ್ಟಿಸಿದ್ದೆವೋ ಅಷ್ಟೂ ಮಂದಿಗೆ ಅದನ್ನೂ ಮುಟ್ಟಿಸೋಣ.